ಸಿಂಧನೂರಿನಲ್ಲಿ ಖಾರಪುಡಿ, ರೊಟ್ಟಿ ಘಟಕ: ಯಾವ ಪರವಾನಗಿ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನಾನು ಸಿಂಧನೂರಿನ ಗೃಹಿಣಿ. ಮನೆಯಲ್ಲಿ ಮಾಡುತ್ತಿದ್ದ ಖಾರಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮತ್ತು ಕಟಕ ರೊಟ್ಟಿಗೆ ಬೇಡಿಕೆ ಹೆಚ್ಚಾಗಿದೆ. ಊರೊಳಗೆ 15x30 ಅಡಿಯ ಬಾಡಿಗೆ ಮಳಿಗೆ ನೋಡಿದ್ದೇನೆ. 10 ಎಚ್‌ಪಿಯ ಖಾರ ಕುಟ್ಟುವ ಯಂತ್ರ ಹಾಕಿ, ಐವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಯೋಚನೆ ಇದೆ. ದಿನಕ್ಕೆ 20 ಕೆ.ಜಿ. ಖಾರಪುಡಿ (ಕೆ.ಜಿ.ಗೆ 400 ರೂ.), 5 ಕೆ.ಜಿ. ಚಟ್ನಿ ಪುಡಿ (360 ರೂ.), 200 ರೊಟ್ಟಿ (ಒಂದಕ್ಕೆ 8 ರೂ.) ಮಾರಬಹುದು ಅನ್ನಿಸುತ್ತದೆ. ಅಕ್ಕಪಕ್ಕದವರ ಮೆಣಸಿನಕಾಯಿಯನ್ನು ಕೂಲಿಗೆ ಕುಟ್ಟಿಕೊಡುವುದೂ ಇದೆ. ಮಂತ್ರಾಲಯದ ಒಬ್ಬ ಅಂಗಡಿಯವರೂ ಮಾಲು ಕೇಳಿದ್ದಾರೆ. ಒಬ್ಬ ಏಜೆಂಟರು ಎಲ್ಲಾ ಲೈಸೆನ್ಸ್ ಸೇರಿ 35 ಸಾವಿರ ಆಗುತ್ತದೆ ಎನ್ನುತ್ತಾರೆ. ನಿಜವಾಗಿ ಯಾವ್ಯಾವುದು ಬೇಕು?

ಉತ್ತರ: ಮಳಿಗೆಗೆ ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಲೈಸೆನ್ಸ್ ವ್ಯಕ್ತಿಗೆ ಸಿಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಆಹಾರ ಪರವಾನಗಿ, ನಗರಸಭೆಯ ಉದ್ದಿಮೆ ಪರವಾನಗಿ, ಜೆಸ್ಕಾಂನ ವಿದ್ಯುತ್ ಮಂಜೂರಾತಿ, ಈ ಮೂರೂ ಜಾಗಕ್ಕೆ ಅಂಟಿಕೊಂಡಿರುತ್ತವೆ. ಮಳಿಗೆ ಬದಲಾದರೆ ಮೂರನ್ನೂ ಹೊಸದಾಗಿ ಮಾಡಿಸಬೇಕು. ಹಾಗಾಗಿ ಲೈಸೆನ್ಸಿನ ಕೆಲಸ ಮಳಿಗೆ ಮಾಲೀಕರ ಕಾಗದಪತ್ರದಿಂದ ಶುರುವಾಗುತ್ತದೆ, ಕಂಪ್ಯೂಟರ್ ಸೆಂಟರಿನಿಂದ ಅಲ್ಲ.

ಮಾಲೀಕರ ಹತ್ತಿರ ಮೂರು ಕಾಗದ ಕೇಳಿ: ಇ-ಖಾತಾ, ಈ ವರ್ಷದ ಆಸ್ತಿ ತೆರಿಗೆ ಕಟ್ಟಿದ ರಸೀದಿ, ಇತ್ತೀಚಿನ ಕರೆಂಟ್ ಬಿಲ್. ಈ ಮೂರರಲ್ಲೂ ಮಾಲೀಕರ ಹೆಸರು ಒಂದೇ ಇರಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತಾ ಉಳಿದಿದ್ದು, ಬಾಡಿಗೆ ಕರಾರಿಗೆ ಮಗ ಸಹಿ ಹಾಕುವುದು ನಮ್ಮ ಕಡೆ ತೀರಾ ಸಾಮಾನ್ಯ. ಅಂಥ ಕರಾರು ಬಾಡಿಗೆ ವ್ಯವಹಾರಕ್ಕೆ ನಡೆಯುತ್ತದೆ, ಪರವಾನಗಿ ಅರ್ಜಿಗೆ ನಡೆಯುವುದಿಲ್ಲ. ವಾರಸಾ ಬದಲಾವಣೆ ಮೊದಲು ಆಗಲಿ. ಇನ್ನೊಂದು ತೊಡಕು ಕಾಲುವೆ ಭಾಗಕ್ಕೆ ಸೇರಿದ್ದು. ಗಂಗಾವತಿ ರಸ್ತೆ, ಮಸ್ಕಿ ರಸ್ತೆಯ ಅಂಚಿನ ಶೆಡ್‌ಗಳು ಕಡಿಮೆ ಬಾಡಿಗೆಗೆ ಸಿಗುತ್ತವೆ. ಆದರೆ ಆ ಜಮೀನು ಎನ್‌ಎ (ಕೃಷಿಯೇತರ) ಆಗಿದೆಯೇ ನೋಡಿ. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಕು. ಅದಿಲ್ಲದ ಶೆಡ್ಡಿಗೆ ಖಾತಾ ಸಿಗುವುದಿಲ್ಲ, ಖಾತಾ ಇಲ್ಲದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ನೀವು ನೋಡಿದ ಮಳಿಗೆ ಊರೊಳಗೇ ಇದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದೇ ಒಳ್ಳೆಯದು.

ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಸುವುದು ರೂಢಿ. ಯಂತ್ರಕ್ಕೆ ಕಾಂಕ್ರೀಟ್ ಬುನಾದಿ ಹಾಕಿ ಕೂರಿಸುವವರಿಗೆ, ಅದರಲ್ಲೂ ಬ್ಯಾಂಕ್ ಸಾಲ ಎತ್ತುವವರಿಗೆ, ಅದು ಸಾಲದು. ಮೂರು ಅಥವಾ ಐದು ವರ್ಷಕ್ಕೆ ಮಾಡಿಸಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಕರಾರಿನಲ್ಲಿ ಎರಡು ಮಾತು ಸ್ಪಷ್ಟವಾಗಿರಲಿ. ಒಂದು, ‘ಆಹಾರ ಪದಾರ್ಥ ತಯಾರಿಕೆ ಮತ್ತು ಮಾರಾಟಕ್ಕಾಗಿ’ ಮಳಿಗೆ ಕೊಟ್ಟಿದ್ದಾರೆ ಎಂಬುದು. ಎರಡು, 10 ಎಚ್‌ಪಿ ಯಂತ್ರ ಕೂರಿಸಲು ಮತ್ತು ಅದಕ್ಕೆ ಬೇಕಾದ ವಿದ್ಯುತ್ ಪಡೆಯಲು ಮಾಲೀಕರ ಒಪ್ಪಿಗೆ ಇದೆ ಎಂಬುದು. ಬರೀ ‘ವ್ಯಾಪಾರಕ್ಕಾಗಿ’ ಎಂದು ಬರೆಸಿದರೆ ಜೆಸ್ಕಾಂನವರು ಮಾಲೀಕರಿಂದ ಬೇರೆ ಪತ್ರ ತನ್ನಿ ಎನ್ನುತ್ತಾರೆ. ಅಷ್ಟರಲ್ಲಿ ಮಾಲೀಕರ ಮನಸ್ಸು ಬದಲಾಗಿರಬಹುದು.

ಹೆಸರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಪ್ಯಾನ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಆಧಾರ್, ಬ್ಯಾಂಕ್, ಕರಾರು ಎಲ್ಲದರಲ್ಲೂ ಇರಬೇಕು. ಒಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಬರೀ ಇನಿಷಿಯಲ್ ಇರುವುದು ಹೆಣ್ಣುಮಕ್ಕಳ ದಾಖಲೆಗಳಲ್ಲಿ ಹೆಚ್ಚು. ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮತ್ತು ಜಿಎಸ್‌ಟಿ ಪೋರ್ಟಲ್‌ಗಳು ಹೆಸರನ್ನು ಪ್ಯಾನ್ ಜತೆ ತಾಳೆ ನೋಡುತ್ತವೆ. ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವಿಳಾಸವೂ ಹಾಗೆಯೇ. ಖಾತಾದಲ್ಲಿರುವ ವಾರ್ಡ್, ಆಸ್ತಿ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಎಲ್ಲಾ ಅರ್ಜಿಗಳಿಗೂ ಅಕ್ಷರ ತಪ್ಪದಂತೆ ಅದನ್ನೇ ಹಾಕಿ.

ಈಗ ಲೆಕ್ಕ. ವರ್ಷಕ್ಕೆ 300 ದಿನ ಕೆಲಸ ಎಂದು ಹಿಡಿದರೆ ಖಾರಪುಡಿಯಿಂದ 24 ಲಕ್ಷ, ಚಟ್ನಿಯಿಂದ 5.4 ಲಕ್ಷ, ರೊಟ್ಟಿಯಿಂದ 4.8 ಲಕ್ಷ, ಒಟ್ಟು 34.2 ಲಕ್ಷ ರೂಪಾಯಿ. ಇದು ಲಾಭವಲ್ಲ, ವಹಿವಾಟು. ಆದರೆ ಕಾನೂನು ನೋಡುವುದು ವಹಿವಾಟನ್ನೇ. ‘ನಮ್ಮದು ಮನೆಮಟ್ಟದ ಸಣ್ಣ ಕೆಲಸ’ ಎಂಬ ಭಾವನೆ ಇಲ್ಲಿ ದಾರಿ ತಪ್ಪಿಸುತ್ತದೆ.

ಆಹಾರ ಪರವಾನಗಿಯನ್ನೇ ನೋಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮಾವಳಿ 2011ರಲ್ಲಿ ಬಂದಾಗ ಹಾಕಿದ ಗೆರೆ ಹೀಗಿತ್ತು: ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ, ವರ್ಷಕ್ಕೆ 100 ರೂ.; ಅದಕ್ಕಿಂತ ಮೇಲೆ 20 ಕೋಟಿಯವರೆಗೆ ರಾಜ್ಯ ಪರವಾನಗಿ, ದಿನಕ್ಕೆ ಒಂದು ಟನ್‌ಗಿಂತ ಕಡಿಮೆ ತಯಾರಿಸುವವರಿಗೆ ವರ್ಷಕ್ಕೆ 3,000 ರೂ. ಇಂಥ ಗೆರೆಗಳನ್ನು ಸರ್ಕಾರ ಆಗಾಗ ಸರಿಸುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನ ಆ ಪ್ರಾಧಿಕಾರದ ಫೋಸ್ಕಾಸ್ ಪೋರ್ಟಲಿನ ಅರ್ಹತೆ ಪುಟದಲ್ಲಿ ನಿಮ್ಮ ವಹಿವಾಟು, ದಿನದ ಉತ್ಪಾದನೆ ತುಂಬಿ ನೋಡಿ. ನೋಂದಣಿಯೋ ಪರವಾನಗಿಯೋ ಎಂಬುದನ್ನು ಅದೇ ತೋರಿಸುತ್ತದೆ. 14 ಅಂಕಿಯ ಸಂಖ್ಯೆ 2ರಿಂದ ಶುರುವಾದರೆ ನೋಂದಣಿ, 1ರಿಂದ ಶುರುವಾದರೆ ಪರವಾನಗಿ. ಶುಲ್ಕ ಉಳಿಸಲೆಂದು ವಹಿವಾಟನ್ನು 11 ಲಕ್ಷ ಎಂದು ಬರೆಸುವವರಿದ್ದಾರೆ. ಮುಂದೆ ಬ್ಯಾಂಕ್ ಖಾತೆಯಲ್ಲಿ 30 ಲಕ್ಷ ಓಡಾಡಿದಾಗ ಆ ಕಾಗದ ನಿಮ್ಮ ಪರವಾಗಿ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ವ್ಯವಹಾರದ ಬಗೆ ಆರಿಸುವುದರಲ್ಲಿ ಆಗುತ್ತದೆ. ಪೋರ್ಟಲಿನಲ್ಲಿ ತಯಾರಕರು, ಮರುಪ್ಯಾಕ್ ಮಾಡುವವರು, ಚಿಲ್ಲರೆ ಮಾರಾಟಗಾರರು ಎಂದು ಬೇರೆಬೇರೆ ಬಗೆಗಳಿವೆ. ಚಿಲ್ಲರೆ ಮಾರಾಟಗಾರರು ಎಂದು ಹಾಕಿದರೆ ಕೆಲಸ ಬೇಗ ಆಗುತ್ತದೆ, ಕೇಳುವ ಕಾಗದವೂ ಕಡಿಮೆ. ಆದರೆ ನೀವು ಕುಟ್ಟಿ, ಅರೆದು, ಬೇಯಿಸಿ ತಯಾರಿಸುವವರು. ಚಿಲ್ಲರೆ ಪರವಾನಗಿಯ ಸಂಖ್ಯೆಯನ್ನು ಖಾರಪುಡಿಯ ಪೊಟ್ಟಣದ ಮೇಲೆ ‘ತಯಾರಕರು’ ಎಂದು ಅಚ್ಚು ಹಾಕಿದರೆ, ಮೊದಲ ತಪಾಸಣೆಯಲ್ಲೇ ಅದು ಪರವಾನಗಿ ಇಲ್ಲದ ತಯಾರಿಕೆ ಎನ್ನಿಸಿಕೊಳ್ಳುತ್ತದೆ. ತಯಾರಕರು ಎಂದೇ ಆರಿಸಿ. ಖಾರಪುಡಿ, ಚಟ್ನಿ ಪುಡಿ, ರೊಟ್ಟಿ ಮೂರನ್ನೂ ಉತ್ಪನ್ನಗಳ ಪಟ್ಟಿಯಲ್ಲಿ ಸೇರಿಸಿ.

ರಾಜ್ಯ ಪರವಾನಗಿಯ ಅರ್ಜಿಗೆ ಮಳಿಗೆಯ ಅಳತೆ ಸಹಿತ ನಕ್ಷೆ, ಯಂತ್ರಗಳ ಪಟ್ಟಿ (ಎಷ್ಟು ಎಚ್‌ಪಿ, ದಿನಕ್ಕೆ ಎಷ್ಟು ಸಾಮರ್ಥ್ಯ), ಬಾಡಿಗೆ ಕರಾರು, ಗುರುತಿನ ಚೀಟಿ, ಆಹಾರ ಸುರಕ್ಷತಾ ಯೋಜನೆಯ ಘೋಷಣೆ, ನೀರಿನ ಪರೀಕ್ಷಾ ವರದಿ ಬೇಕು. ನಕ್ಷೆಯನ್ನು ಸಿವಿಲ್ ಎಂಜಿನಿಯರೇ ಬರೆಯಬೇಕೆಂದಿಲ್ಲ. ಆದರೆ ಕಚ್ಚಾ ಮಾಲು ಇಡುವ ಜಾಗ, ಕುಟ್ಟುವ ಜಾಗ, ರೊಟ್ಟಿ ಬೇಯಿಸುವ ಜಾಗ, ಪ್ಯಾಕಿಂಗ್, ಮಾರಾಟದ ಕಟ್ಟೆ ಅದರಲ್ಲಿ ಬೇರೆಬೇರೆಯಾಗಿ ಕಾಣಬೇಕು. 15x30 ಅಡಿಯೊಳಗೆ ಇದು ಸಾಧ್ಯ. ಖಾರದ ಯಂತ್ರವನ್ನು ಹಿಂಭಾಗದಲ್ಲಿ ಗೋಡೆ ಅಥವಾ ಪೂರ್ತಿ ಎತ್ತರದ ಪಾರ್ಟಿಶನ್ ಹಾಕಿ ಬೇರ್ಪಡಿಸಿ, ಹೊರಗೆಳೆಯುವ ಫ್ಯಾನ್ ಇಡಿ. ಇಲ್ಲದಿದ್ದರೆ ಖಾರದ ಘಾಟು ರೊಟ್ಟಿಗೂ ಹತ್ತುತ್ತದೆ, ಪಕ್ಕದ ಅಂಗಡಿಗೂ ಹೋಗುತ್ತದೆ. ಪಕ್ಕದವರ ಒಂದು ತಕರಾರು ಅರ್ಜಿ ನಗರಸಭೆಯಲ್ಲಿ ನಿಮ್ಮ ಕಡತವನ್ನು ತಿಂಗಳುಗಟ್ಟಲೆ ಕೂರಿಸುತ್ತದೆ.

ನೀರಿನ ವರದಿಯನ್ನು ಬರೀ ಕಾಗದದ ಕೆಲಸ ಎಂದುಕೊಳ್ಳಬೇಡಿ. ರೊಟ್ಟಿ ಹಿಟ್ಟು ನಾದುವುದು ನೀರಿನಲ್ಲಿ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಅನೇಕ ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಬೇಸಿಗೆಯಲ್ಲಿ ಕಾಲುವೆ ಬಂದಾದಾಗ ನಗರಸಭೆಯ ನೀರು ಕಡಿಮೆಯಾಗಿ ಬೋರ್ ನೀರಿಗೆ ಹೋಗುವಿರಾದರೆ ಆ ನೀರನ್ನೂ ಪರೀಕ್ಷೆ ಮಾಡಿಸಿ. ವರದಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ್ದಾಗಿರಲಿ.

ತಪಾಸಣೆಗೆ ಬರುವವರು ಆಹಾರ ಸುರಕ್ಷತಾ ಅಧಿಕಾರಿ, ಪರವಾನಗಿಗೆ ಸಹಿ ಹಾಕುವವರು ಅಂಕಿತ ಅಧಿಕಾರಿ. ಅವರು ಸಾಮಾನ್ಯವಾಗಿ ನೋಡುವುದು ಇಷ್ಟು: ಕಿಟಕಿಗೆ ಜಾಳಿಗೆ, ಬಲ್ಬಿಗೆ ಕವಚ, ಒರೆಸಿದರೆ ಸ್ವಚ್ಛವಾಗುವ ನೆಲ ಮತ್ತು ಗೋಡೆ, ಚೀಲಗಳು ನೆಲಕ್ಕೆ ತಾಗದಂತೆ ಹಲಗೆ, ಕೈತೊಳೆಯುವ ಜಾಗ, ತಯಾರಿಕೆ ಕೋಣೆಗೆ ನೇರವಾಗಿ ತೆರೆಯದ ಶೌಚಾಲಯ, ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ. ಆ ಪ್ರಮಾಣಪತ್ರವನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಏನಾದರೂ ಕೊರತೆ ಕಂಡರೆ ಅರ್ಜಿ ಪೋರ್ಟಲಿನಲ್ಲೇ ನಿಮಗೆ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರಿಸದಿದ್ದರೆ ಅರ್ಜಿ ತಿರಸ್ಕೃತ, ಕಟ್ಟಿದ ಶುಲ್ಕ ಹೋದಂತೆ. ಅರ್ಜಿಯಲ್ಲಿ ಏಜೆಂಟರ ಮೊಬೈಲ್ ನಂಬರ್ ಇದ್ದರೆ ವಾಪಸ್ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಮೊಬೈಲ್ ಮತ್ತು ಇ-ಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.

ಪರವಾನಗಿ ಬಂದ ಮೇಲೆ ಮುಗಿಯಿತು ಎಂದಲ್ಲ. ಪರವಾನಗಿ ಪಡೆದ ತಯಾರಕರು ಆರು ತಿಂಗಳಿಗೊಮ್ಮೆ ಉತ್ಪನ್ನಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಪೋರ್ಟಲಿಗೆ ಹಾಕಬೇಕು. ಮೇ 31ರೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು, ತಡವಾದರೆ ದಿನಕ್ಕೆ 100 ರೂ. ದಂಡ. ಖಾರಪುಡಿಯಲ್ಲಿ ಅವರು ಹುಡುಕುವುದು ಏನು ಎಂದು ತಿಳಿದಿದ್ದರೆ ಕೆಲಸ ಸುಲಭ. ತೇವಾಂಶ ಶೇ 11 ಮೀರಬಾರದು, ಒಟ್ಟು ಬೂದಿ ಶೇ 8 ಮೀರಬಾರದು, ಆಮ್ಲದಲ್ಲಿ ಕರಗದ ಬೂದಿ ಶೇ 1.3 ಮೀರಬಾರದು. ಈ ಕೊನೆಯದು ಅಂದರೆ ಮಣ್ಣು, ಮರಳು. ಹೊಲದಲ್ಲಿ, ರಸ್ತೆ ಬದಿಯಲ್ಲಿ ನೆಲದ ಮೇಲೆ ಒಣಗಿಸಿದ ಕಾಯಿಯನ್ನು ಝಾಡಿಸದೆ ಕುಟ್ಟಿದರೆ ಇದರಲ್ಲೇ ಸಿಕ್ಕಿಬೀಳುತ್ತೀರಿ. ಕಾಯಿ ಒಡೆಯದಿರಲೆಂದು ನೀರು ಸಿಂಪಡಿಸಿದ ಚೀಲ ಕೊಂಡರೆ ತೇವಾಂಶ ಮೀರುತ್ತದೆ, ರಾಶಿಯೊಳಗೆ ಬೂಸ್ಟು ಹಿಡಿಯುತ್ತದೆ, ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಶೇಂಗಾಕ್ಕೂ ಇದೇ ಅಪಾಯ. ಕಪ್ಪಾದ, ಸುಕ್ಕುಗಟ್ಟಿದ ಬೀಜ ಆರಿಸಿ ತೆಗೆಯುವುದಕ್ಕೆ ಒಬ್ಬರನ್ನು ಕೂರಿಸಿದ ಖರ್ಚು ಎಂದೂ ದಂಡವಲ್ಲ. ಹೊಳಪಿಗೆ ಎಣ್ಣೆ ಸೇರಿಸುವ ಪದ್ಧತಿ ಇದೆ. ತೂಕದ ಶೇ 2ರವರೆಗೆ ಅಡುಗೆ ಎಣ್ಣೆಗೆ ಅವಕಾಶವಿದೆ, ಆದರೆ ಯಾವ ಎಣ್ಣೆ, ಎಷ್ಟು ಎಂದು ಲೇಬಲ್ಲಿನಲ್ಲಿ ಬರೆಯಬೇಕು. ಬಣ್ಣ ಸೇರಿಸುವುದು ಪೂರ್ತಿ ನಿಷಿದ್ಧ. ಅಂದಹಾಗೆ, ಅರೆದ ಮಸಾಲೆಯನ್ನು ಬಿಡಿಯಾಗಿ ಡಬ್ಬಿಯಿಂದ ತೂಗಿ ಮಾರುವಂತಿಲ್ಲ, ಪ್ಯಾಕ್ ಮಾಡಿಯೇ ಮಾರಬೇಕು. ಕೂಲಿಗೆ ಕುಟ್ಟಿಕೊಡುವುದು ಮಾರಾಟವಲ್ಲ, ಅದಕ್ಕೆ ಈ ನಿಯಮ ಬರುವುದಿಲ್ಲ.

ನಗರಸಭೆಯ ಉದ್ದಿಮೆ ಪರವಾನಗಿಗೆ ಇ-ಖಾತಾ, ತೆರಿಗೆ ರಸೀದಿ, ಕರಾರು, ಮಾಲೀಕರ ಒಪ್ಪಿಗೆ ಪತ್ರ, ಫೋಟೋ ಇದ್ದರೆ ಸಾಕು. ಶುಲ್ಕ ಆಯಾ ನಗರಸಭೆಯ ದರಪಟ್ಟಿಯಂತೆ. ಯಂತ್ರದ ಎಚ್‌ಪಿ ಬರೆಯುವುದನ್ನು ಮರೆಯಬೇಡಿ. ಇದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷಕ್ಕೆ ಸಿಗುವಂಥದ್ದು. ಫೆಬ್ರುವರಿಯಲ್ಲಿ ಪಡೆದರೆ ಮಾರ್ಚ್ ಕೊನೆಗೇ ನವೀಕರಣ ಬರುತ್ತದೆ. ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಅವಧಿ ಮೀರಿದರೆ ಮೇಲ್ಮನವಿಗೆ ಅದೇ ಆಧಾರ, ದಿನಕ್ಕೆ 20 ರೂ.ನಂತೆ 500 ರೂ.ವರೆಗೆ ಪರಿಹಾರವೂ ಇದೆ. ಸ್ವೀಕೃತಿ ಇಲ್ಲದೆ ಟೇಬಲ್ ಮೇಲೆ ಇಟ್ಟು ಬಂದ ಅರ್ಜಿಗೆ ದಿನಾಂಕವೇ ಇರುವುದಿಲ್ಲ. (ಹಳ್ಳಿಯಲ್ಲಿ ಘಟಕ ಇಡುವವರು ಇದನ್ನೇ ಗ್ರಾಮ ಪಂಚಾಯಿತಿಯಲ್ಲಿ ಪಡೆಯಬೇಕು, ಬಳ್ಳಾರಿ ನಗರದವರು ಮಹಾನಗರ ಪಾಲಿಕೆಯಲ್ಲಿ.)

ವಿದ್ಯುತ್ತಿನ ವಿಷಯದಲ್ಲಿ ನಿಮಗೆ ಗಟ್ಟಿಯಾಗಿ ಹೇಳಬೇಕಾದದ್ದು ಒಂದಿದೆ. ‘ಮೊದಲ ಎರಡು ತಿಂಗಳು ಮನೆಯ ಮೀಟರಿನಲ್ಲೇ ನಡೆಸೋಣ’ ಎನ್ನುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಮನೆಯ ಆರ್.ಆರ್. ನಂಬರಿನಲ್ಲಿ ಗೃಹಜ್ಯೋತಿ ಇದ್ದರಂತೂ ಕೇಳಲೇಬೇಡಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನ್ವಯವಾಗುವ ದರದ ಎರಡು ಪಟ್ಟು ಲೆಕ್ಕ ಹಾಕುತ್ತಾರೆ. ಎಂದಿನಿಂದ ಬಳಸುತ್ತಿದ್ದೀರಿ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ. ನೀವು ನಡೆಸಿದ್ದು ಎರಡೇ ತಿಂಗಳು ಎಂದು ಸಾಬೀತು ಮಾಡುವುದು ಕಷ್ಟ.

10 ಎಚ್‌ಪಿ ಎಂದರೆ ಸುಮಾರು 7.5 ಕಿಲೋವ್ಯಾಟ್, ತ್ರೀ-ಫೇಸ್ ಬೇಕು. ಮಳಿಗೆಯಲ್ಲಿ ಈಗಿರುವುದು ಬಹುಶಃ ಎಲ್‌ಟಿ-3, ಅಂದರೆ ವಾಣಿಜ್ಯ ಸಂಪರ್ಕ. ಕುಟ್ಟುವ ಯಂತ್ರಕ್ಕೆ ಎಲ್‌ಟಿ-5, ಕೈಗಾರಿಕಾ ಸಂಪರ್ಕವನ್ನೇ ಕೇಳಿ. ಯುನಿಟ್ ದರ ವಾಣಿಜ್ಯಕ್ಕಿಂತ ಕಡಿಮೆ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ವೈರಿಂಗ್ ಮಾಡಿಸಿ, ಅವರ ಪೂರ್ಣಗೊಳಿಸಿದ ವರದಿಯ ಜತೆ ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ. ನಿಗದಿತ ಶುಲ್ಕವನ್ನು ಮಂಜೂರಾದ ಎಚ್‌ಪಿ ಮೇಲೆ ಪ್ರತಿ ತಿಂಗಳು ಹಾಕುತ್ತಾರೆ, ಯಂತ್ರ ತಿರುಗಲಿ ಬಿಡಲಿ. ಹಾಗಾಗಿ ‘ಮುಂದೆ ಬೇಕಾಗಬಹುದು’ ಎಂದು ಈಗಲೇ 20 ಎಚ್‌ಪಿ ಮಂಜೂರು ಮಾಡಿಸಿಕೊಳ್ಳಬೇಡಿ.

20 ಎಚ್‌ಪಿ ಎಂಬ ಅಂಕಿ ಇನ್ನೊಂದು ಕಡೆಯೂ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು 2016ರಲ್ಲಿ ಉದ್ದಿಮೆಗಳನ್ನು ಬಣ್ಣದ ವರ್ಗಗಳಾಗಿ ವಿಂಗಡಿಸಿದಾಗ 20 ಎಚ್‌ಪಿವರೆಗಿನ ಮಸಾಲೆ ಅರೆಯುವ ಘಟಕ ಹಸಿರು ವರ್ಗಕ್ಕೆ ಬಂತು. ಹಸಿರು ಎಂದರೆ ಅನುಮತಿ ಬೇಡ ಎಂದಲ್ಲ, ವಿಧಾನ ಹಗುರ ಎಂದು. ಮಂಡಳಿಯ ರಾಯಚೂರು ಪ್ರಾದೇಶಿಕ ಕಚೇರಿಯಲ್ಲಿ ಯಂತ್ರದ ವಿವರ ತೋರಿಸಿ, ನಿಮ್ಮ ಘಟಕಕ್ಕೆ ಬೇಕಾದ ಸಮ್ಮತಿ ಪತ್ರ ಪಡೆದುಕೊಳ್ಳಿ. ಬ್ಯಾಂಕಿನವರು ಇದನ್ನು ಕೇಳುತ್ತಾರೆ.

ಇನ್ನು ಜಿಎಸ್‌ಟಿ. ನಿಮ್ಮ ಪ್ರಶ್ನೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಭಾಗ ಇದು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬುದು ಎಲ್ಲರಿಗೂ ಗೊತ್ತು. ನಿಮ್ಮದು 34 ಲಕ್ಷ, ಹಾಗಾಗಿ ಬೇಡ ಎಂದು ಯಾರಾದರೂ ಹೇಳಬಹುದು. ಆದರೆ ಆ 40 ಲಕ್ಷದ ರಿಯಾಯಿತಿ ಸರಕು ಮಾತ್ರ ಮಾರುವವರಿಗೆ. ಕೂಲಿಗೆ ಕುಟ್ಟಿಕೊಡುವುದು ಸೇವೆ. ಸರಕಿನ ಜತೆ ಸೇವೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಕೂಲಿಯ ಆದಾಯ ವರ್ಷಕ್ಕೆ ಹತ್ತು ಸಾವಿರವೇ ಇರಲಿ. ಎರಡನೆಯದು ಮಂತ್ರಾಲಯ. ನಮಗೆ ಅದು ಪಕ್ಕದ ಊರು, ರಾಯರ ಮಠ. ತೆರಿಗೆಗೆ ಅದು ಆಂಧ್ರಪ್ರದೇಶ. ಹೊರರಾಜ್ಯಕ್ಕೆ ಸರಕು ಕಳಿಸುವವರು ವಹಿವಾಟು ಎಷ್ಟೇ ಇರಲಿ, ಮೊದಲ ಚೀಲಕ್ಕೂ ನೋಂದಣಿ ಮಾಡಿಸಿರಬೇಕು. ಆದೋನಿ, ಗದ್ವಾಲಕ್ಕೂ ಇದೇ ಮಾತು. ಬಳ್ಳಾರಿ, ರಾಯಚೂರಿನ ಗಡಿ ವ್ಯಾಪಾರಿಗಳು ಎಡವುವುದು ಇಲ್ಲೇ.

ನಿಮ್ಮ ಮುಂದೆ ಎರಡು ದಾರಿ ಇವೆ. ಮೊದಲ ವರ್ಷ ಮಂತ್ರಾಲಯದ ಮಾಲನ್ನೂ ಕೂಲಿ ಕುಟ್ಟುವುದನ್ನೂ ಬಿಟ್ಟು, ಸರಕು ಮಾತ್ರ ಮಾರುತ್ತಾ 40 ಲಕ್ಷದೊಳಗೆ ಇರುವುದು ಒಂದು. ಆರಂಭದಲ್ಲೇ ನೋಂದಣಿ ಮಾಡಿಸಿ ಎರಡನ್ನೂ ಉಳಿಸಿಕೊಳ್ಳುವುದು ಇನ್ನೊಂದು. ನಮ್ಮ ಸಲಹೆ ಎರಡನೆಯದು. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಖಾರಪುಡಿಗೆ ತೆರಿಗೆ ಶೇ 5, ರೊಟ್ಟಿ–ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ಶೂನ್ಯ. ತೆರಿಗೆ ಇಲ್ಲದ ರೊಟ್ಟಿಯ ಮಾರಾಟವೂ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. 1.5 ಕೋಟಿವರೆಗಿನ ತಯಾರಕರಿಗೆ ಶೇ 1ರ ರಾಜಿ ತೆರಿಗೆ ಪದ್ಧತಿ ಇದೆ, ಆದರೆ ಅದರಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಮಂತ್ರಾಲಯ ಬೇಕೆಂದರೆ ಸಾಮಾನ್ಯ ನೋಂದಣಿಯೇ ದಾರಿ. ನೋಂದಣಿ ಆದ ಮೇಲೆ ಮಾರಾಟ ಸೊನ್ನೆ ಇದ್ದರೂ ರಿಟರ್ನ್ ಹಾಕಲೇಬೇಕು, ತಪ್ಪಿದರೆ ಸೊನ್ನೆ ರಿಟರ್ನಿಗೂ ದಿನಕ್ಕೆ 20 ರೂ. ಏರುತ್ತಾ ಹೋಗುತ್ತದೆ. ಲೆಕ್ಕ ಬರೆಯುವವರೊಬ್ಬರನ್ನು ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡಿಕೊಳ್ಳಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಅನೇಕರು ಸಿಕ್ಕಿಹಾಕಿಕೊಂಡಿದ್ದು ಒಂದು ಕಾರಣಕ್ಕೆ: ಮನೆಯ ಹಣ, ಕೈಸಾಲ, ಚೀಟಿ ದುಡ್ಡು, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಗೆ ಬರುತ್ತಿತ್ತು. ಘಟಕದ ಹೆಸರಿನಲ್ಲಿ ಬೇರೆ ಚಾಲ್ತಿ ಖಾತೆ ತೆರೆದು ಅಂಗಡಿಯ ಕ್ಯುಆರ್ ಫಲಕವನ್ನು ಅದಕ್ಕೇ ಜೋಡಿಸಿ. ಖಾತೆ ತೆರೆಯಲು ಉದ್ಯಮ್ ಪ್ರಮಾಣಪತ್ರ ಮತ್ತು ಉದ್ದಿಮೆ ಪರವಾನಗಿ ಅನುಕೂಲ.

ಉದ್ಯಮ್ ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ನೀವೇ ಮೊಬೈಲಿನಲ್ಲಿ ಮಾಡಬಹುದು. ಅಧಿಕೃತ ತಾಣದಂತೆಯೇ ಕಾಣುವ, 1,500–2,000 ರೂ. ಕೇಳುವ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ. ಚಟುವಟಿಕೆ ‘ತಯಾರಿಕೆ’, ಸಂಕೇತ 10795, ಅಂದರೆ ಮಸಾಲೆ ಅರೆಯುವುದು ಮತ್ತು ಸಂಸ್ಕರಿಸುವುದು. ಮುಂದೆ ಟ್ರೇಡ್‌ಮಾರ್ಕ್ ಮಾಡಿಸುವಾಗ ಈ ಪ್ರಮಾಣಪತ್ರ ಇದ್ದರೆ 9,000 ರೂ. ಬದಲು 4,500 ರೂ. ಶುಲ್ಕ ಸಾಕು.

ಸಾಲದ ಯೋಚನೆ ಇದ್ದರೆ ಯಂತ್ರ ಕೊಳ್ಳುವ ಮೊದಲೇ ಕೃಷಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ನೆರವು) ಯೋಜನೆಯಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಕೇಳಿ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ರಾಯಚೂರು ಜಿಲ್ಲೆಗೆ ಗುರುತಿಸಿದ ಉತ್ಪನ್ನವೇ ಮೆಣಸಿನಕಾಯಿ. ಕೇಂದ್ರ ಶೇ 35ರಷ್ಟು (10 ಲಕ್ಷ ರೂ.ವರೆಗೆ), ಅದರ ಮೇಲೆ ರಾಜ್ಯ ಶೇ 15ರಷ್ಟು ಸಹಾಯಧನ ಕೊಡುವ ವ್ಯವಸ್ಥೆ ಮಾಡಲಾಗಿದೆ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ. ಕೈಯಿಂದ ಹಣ ಹಾಕಿ ಯಂತ್ರ ತಂದು, ಆಮೇಲೆ ಬಿಲ್ ತೋರಿಸಿದರೆ ಸಿಗುವುದಿಲ್ಲ. ಅರ್ಜಿ ತಯಾರಿಸಿಕೊಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ಯೋಜನೆಯಿಂದಲೇ ಸಂಭಾವನೆ ಇದೆ, ನೀವು ಕೊಡಬೇಕಿಲ್ಲ.

ಪೊಟ್ಟಣದ ಬಗ್ಗೆ. ಆಹಾರ ಪರವಾನಗಿಯ ಸಂಖ್ಯೆ ಕೈಗೆ ಬರುವ ತನಕ ಮುದ್ರಿತ ಪೌಚ್‌ಗೆ ಆರ್ಡರ್ ಕೊಡಬೇಡಿ. ಬಣ್ಣದ ಪೌಚ್ ಅಚ್ಚು ಹಾಕುವವರು ಸಾವಿರಗಟ್ಟಲೆ ಕನಿಷ್ಠ ಪ್ರಮಾಣ ಕೇಳುತ್ತಾರೆ. ಒಂದು ಅಂಕಿ ತಪ್ಪಿದರೂ ಎಲ್ಲವೂ ರದ್ದಿ. ಮೊದಲ ಆರು ತಿಂಗಳು ಖಾಲಿ ಪೌಚ್, ಅದರ ಮೇಲೆ ಸ್ಟಿಕ್ಕರ್ ಸಾಕು. ಸ್ಟಿಕ್ಕರಿನಲ್ಲಿ ಇರಬೇಕಾದ್ದು: ಪದಾರ್ಥದ ಹೆಸರು, ಪ್ರಮಾಣದ ಇಳಿಕೆ ಕ್ರಮದಲ್ಲಿ ಒಳಸಾಮಗ್ರಿ, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಸಂಖ್ಯೆ, ನಿಮ್ಮ ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ನಿವ್ವಳ ತೂಕ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಂ ಲೆಕ್ಕದ ಬೆಲೆ (250 ಗ್ರಾಂಗೆ 110 ರೂ. ಆದರೆ ಗ್ರಾಂಗೆ 0.44 ರೂ.), ದೂರಿಗೆ ಫೋನ್ ಮತ್ತು ಇ-ಮೇಲ್. ಚಟ್ನಿ ಪುಡಿ ಮತ್ತು ರೊಟ್ಟಿಗೆ ಪೌಷ್ಟಿಕಾಂಶದ ಪಟ್ಟಿಯೂ ಬೇಕು. ಶೇಂಗಾ ಚಟ್ನಿಯ ಮೇಲೆ ‘ಶೇಂಗಾ ಇದೆ’ ಎಂಬ ಅಲರ್ಜಿ ಸೂಚನೆ ಕಡ್ಡಾಯ. ಕೆಲವರಿಗೆ ಅದು ಜೀವದ ಪ್ರಶ್ನೆ. ರೊಟ್ಟಿ ಪ್ಯಾಕಿನ ಮೇಲೆ ‘10 ರೊಟ್ಟಿ’ ಎಂದಷ್ಟೇ ಬರೆಯದೆ ತೂಕವನ್ನೂ ಹಾಕಿ. ಬರೀ ಕನ್ನಡದಲ್ಲಿ ಅಚ್ಚು ಹಾಕಿದರೆ ನಿಯಮ ಪಾಲಿಸಿದಂತೆ ಆಗುವುದಿಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಈ ವಿವರ ಇರಲೇಬೇಕು, ಅದರ ಜತೆ ಕನ್ನಡವೂ ಇರಲಿ. ಇನ್ನು ಗುಂಟೂರು ಕಾಯಿ ಬೆರೆಸಿ ‘ಬ್ಯಾಡಗಿ ಖಾರಪುಡಿ’ ಎಂದು ಬರೆಯಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಬೆರಕೆ ಇದ್ದರೆ ಬೆರಕೆ ಎಂದೇ ಹೇಳಿ, ಗಿರಾಕಿ ರುಚಿ ನೋಡಿಯೇ ಕೊಳ್ಳುತ್ತಾರೆ.

ತೂಕ–ಅಳತೆ ಇಲಾಖೆಯಲ್ಲಿ ಪ್ಯಾಕ್ ಮಾಡುವವರ ನೋಂದಣಿಯನ್ನು ಪ್ಯಾಕಿಂಗ್ ಶುರುವಾದ 90 ದಿನದೊಳಗೆ ಮಾಡಿಸಬೇಕು, ಶುಲ್ಕ 500 ರೂ. ಏಜೆಂಟರ ಪಟ್ಟಿಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಇದೇ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಅಡುಗೆಮನೆ ತಕ್ಕಡಿ ವ್ಯಾಪಾರಕ್ಕೆ ಆಗುವುದಿಲ್ಲ. ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡು 12 ತಿಂಗಳಿಗೊಮ್ಮೆ ಮರುಮುದ್ರೆ ಹಾಕಿಸಿ. 250 ಗ್ರಾಂ ಪೊಟ್ಟಣದಲ್ಲಿ 9 ಗ್ರಾಂವರೆಗೆ ವ್ಯತ್ಯಾಸಕ್ಕೆ ಅವಕಾಶ ಇದೆಯಾದರೂ ಬ್ಯಾಚಿನ ಸರಾಸರಿ 250ಕ್ಕಿಂತ ಕಡಿಮೆ ಬರಬಾರದು. ಖಾರಪುಡಿ ಬೇಸಿಗೆಯಲ್ಲಿ ಒಣಗಿ ತೂಕ ಕಳೆದುಕೊಳ್ಳುವುದರಿಂದ 2–3 ಗ್ರಾಂ ಹೆಚ್ಚೇ ತುಂಬಿ.

ಕೆಲಸಗಾರರು ಐವರೇ ಆದ್ದರಿಂದ ಕಾರ್ಖಾನೆ ಪರವಾನಗಿ, ಇಎಸ್‌ಐ (10 ಜನ), ಪಿಎಫ್ (20 ಜನ) ಯಾವುದೂ ಸದ್ಯಕ್ಕೆ ಬರುವುದಿಲ್ಲ. ಮುಂಭಾಗದ ಅಂಗಡಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ನಾಮಫಲಕದಲ್ಲಿ ಕನ್ನಡ ಶೇ 60ರಷ್ಟಾದರೂ ಇರಬೇಕು, ಅದೂ ಮೇಲ್ಭಾಗದಲ್ಲಿ.

ಕ್ರಮ ಹೀಗಿರಲಿ. ಮಳಿಗೆಯ ಕಾಗದ ನೋಡಿ ಕರಾರು. ಅದೇ ವಾರ ಉದ್ಯಮ್. ಸಾಲ ಬೇಕಿದ್ದರೆ ಬ್ಯಾಂಕಿನ ಅರ್ಜಿ. ಆಮೇಲೆ ಉದ್ದಿಮೆ ಪರವಾನಗಿ, ಜೆಸ್ಕಾಂ ಮತ್ತು ಮಾಲಿನ್ಯ ಮಂಡಳಿ ಒಟ್ಟಿಗೆ. ಪಾರ್ಟಿಶನ್ ಎದ್ದು ನೀರಿನ ವರದಿ ಬಂದ ಮೇಲೆ ಆಹಾರ ಪರವಾನಗಿ; ರಾಜ್ಯ ಪರವಾನಗಿಗೆ ನಿಯಮದ ಪ್ರಕಾರ 60 ದಿನ ಹಿಡಿಯಬಹುದು, ಅಷ್ಟು ದಿನದ ಬಾಡಿಗೆಯನ್ನು ಬಂಡವಾಳದಲ್ಲೇ ಸೇರಿಸಿಕೊಳ್ಳಿ. ಜಿಎಸ್‌ಟಿ ಮತ್ತು ಚಾಲ್ತಿ ಖಾತೆಯನ್ನು ಆ ಕಾಯುವ ಅವಧಿಯಲ್ಲಿ ಮುಗಿಸಿ. ಸ್ಟಿಕ್ಕರ್, ತೂಕ–ಅಳತೆ ನೋಂದಣಿ ಕೊನೆಗೆ.

35 ಸಾವಿರದ ಲೆಕ್ಕಕ್ಕೆ ಬಂದರೆ, ಉದ್ಯಮ್ ಸೊನ್ನೆ, ಜಿಎಸ್‌ಟಿ ಸೊನ್ನೆ, ಆಹಾರ ಪರವಾನಗಿಗೆ ಪೋರ್ಟಲ್ ತೋರಿಸಿದಷ್ಟು (2011ರ ದರದಲ್ಲಿ ರಾಜ್ಯ ಪರವಾನಗಿಗೆ ವರ್ಷಕ್ಕೆ 3,000), ತೂಕ–ಅಳತೆ 500. ಇವುಗಳ ಮೇಲೆ ನಗರಸಭೆ, ಕಾರ್ಮಿಕ ಇಲಾಖೆ, ಮಂಡಳಿಯ ಶುಲ್ಕ, ಪ್ರಯೋಗಾಲಯದ ಬಿಲ್ ಸೇರುತ್ತವೆ. ಜೆಸ್ಕಾಂ ಠೇವಣಿ ಬೇರೆ. ಏಜೆಂಟರ ನೆರವು ಪಡೆಯುವುದು ತಪ್ಪಲ್ಲ, ಓಡಾಟಕ್ಕೆ ಬೆಲೆ ಇದೆ. ಆದರೆ ಸರ್ಕಾರಿ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. ಶುಲ್ಕವನ್ನು ನಿಮ್ಮ ಖಾತೆಯಿಂದಲೇ ಕಟ್ಟಿ, ಪ್ರತಿ ಚಲನ್ ಇಟ್ಟುಕೊಳ್ಳಿ. ಪೂರ್ತಿ ಹಣ ಒಮ್ಮೆಗೇ ಕೊಡದೆ ಒಂದೊಂದು ಪ್ರಮಾಣಪತ್ರ ಕೈಸೇರಿದಂತೆ ಕೊಡಿ.